‘ಕ್ವಾಂಟಮ್ ಸೇಫ್’ ಪ್ಯಾಕೇಜ್ ಈಗಲೇ ಕೊಳ್ಳಬೇಕಾ?

ಪಿಂಪ್ರಿಯಲ್ಲಿ ಲ್ಯಾಬ್ ನಡೆಸುತ್ತೀರಿ, ರೋಗಿಗಳ ರಿಪೋರ್ಟು ಕ್ಲೌಡ್‌ನಲ್ಲಿದೆ, ಮುಂದೆ ಬರುವ ಕ್ವಾಂಟಮ್ ಕಂಪ್ಯೂಟರ್ ಇವತ್ತಿನ ಗೂಢಲಿಪಿ ಒಡೆದುಬಿಡುತ್ತೆ, ಅದರಿಂದ ಕಾಪಾಡುತ್ತೇವೆ ಅಂತ ಮಾರುವ ಈ ಪ್ಯಾಕೇಜ್ ಬೇಕಾ ಅಂತ ಕೇಳಿದ್ದೀರಿ. ಬೇಡ ಸರ್. ಹೆದರಿಸಿ ಮಾರುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಗೂಗಲ್‌ನ ವಿಲ್ಲೋ ಎಂಬ ಕ್ವಾಂಟಮ್ ಚಿಪ್‌ನಲ್ಲಿರುವುದು 105 ಕ್ಯೂಬಿಟ್, ಅಂದರೆ ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕ. ಇಂಟರ್ನೆಟ್‌ನಲ್ಲಿ ಬಳಸುವ ಆರ್‌ಎಸ್‌ಎ-2048 ಎಂಬ ಗೂಢಲಿಪಿ ಒಡೆಯಲು ಹತ್ತು ಲಕ್ಷದೊಳಗಿನ ಕ್ಯೂಬಿಟ್ ಸಾಕಾಗಬಹುದು ಅಂತ ಗೂಗಲ್ ಸಂಶೋಧಕರ 2025ರ ಅಂದಾಜು. ಅಂತರ ಇನ್ನೂ ತುಂಬಾ ಇದೆ. ಆದರೆ 2019ರಲ್ಲಿ ಇದೇ ಅಂದಾಜು 2 ಕೋಟಿ ಇತ್ತು! ನನಗೆ ಚಿಂತೆ ಆಗುವುದು ಇದಕ್ಕೇ.

ಇವತ್ತು ಕದ್ದ ಡೇಟಾವನ್ನು ಹಾಗೇ ಇಟ್ಟುಕೊಂಡು, ಅಷ್ಟು ದೊಡ್ಡ ಕ್ವಾಂಟಮ್ ಯಂತ್ರ ಬಂದ ಮೇಲೆ ಬಿಚ್ಚಬಹುದು. ನಿಮ್ಮ ಹಳೇ ಬಿಲ್ಲು ಆಗ ಯಾರಿಗೂ ಬೇಡ. ಎಚ್‌ಐವಿ ರಿಪೋರ್ಟು ಹಾಗಲ್ಲ, ಅಲ್ವಾ? ಇಪ್ಪತ್ತು ವರ್ಷ ಆದರೂ ಅದು ಗುಟ್ಟಾಗಿಯೇ ಇರಬೇಕು.

ಅಂಥ ದಾಖಲೆಗಳು ಎಲ್ಲೆಲ್ಲಿವೆ ಅಂತ ಮೊದಲು ಪಟ್ಟಿ ಮಾಡಿ. ಎಇಎಸ್-256 ಎಂಬ ಬೇರೆ ಬಗೆಯ ಗೂಢಲಿಪಿಯಲ್ಲಿ ಲಾಕ್ ಆಗಿರುವ ಡಿಸ್ಕ್ ಬಗ್ಗೆ ಜಾಸ್ತಿ ಭಯ ಬೇಡ. ಡೇಟಾ ಹೋಗಿಬರುವ ದಾರಿಗೆ ಎಂಎಲ್-ಕೆಇಎಂ (ಕ್ವಾಂಟಮ್ ಕಂಪ್ಯೂಟರಿಗೂ ಬಗ್ಗದಂತೆ ಮಾಡಿದ ಹೊಸ ಕೀಲಿ ವಿಧಾನ) ಯಾವಾಗ ಹಾಕುತ್ತೀರಿ ಅಂತ ಕ್ಲೌಡ್ ಕಂಪನಿಯನ್ನೇ ಕೇಳಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಅದನ್ನು 2024ರ ಆಗಸ್ಟ್‌ನಲ್ಲೇ ಪಕ್ಕಾ ಮಾಡಿದೆ, ಕ್ರೋಮ್ ಬ್ರೌಸರ್ ಆಗಲೇ ಬಳಸುತ್ತಿದೆ. ಮಾರುವವರ ಮಾತು ಪರೀಕ್ಷಿಸಬೇಕು ಅನಿಸಿದರೆ, ನಮ್ಮ ಪುಣೆಯ ಪಾಷಾಣ್‌ನಲ್ಲಿರುವ ವಿಜ್ಞಾನ ಸಂಸ್ಥೆ ಐಸರ್‌ನಲ್ಲೇ ಐ-ಹಬ್ ಕ್ವಾಂಟಮ್ ಎಂಬ ಕ್ವಾಂಟಮ್ ತಂತ್ರಜ್ಞಾನ ಕೇಂದ್ರ ಇದೆ. ಒಂದು ಮೇಲ್ ಹಾಕಿ ನೋಡಿ.