ಹಾಳೆ ತುಂಬ ಒಂದೇ ದಾಸವಾಳ

ಪ್ರಶ್ನೆ: ಎ4 ಹಾಳೆಯಲ್ಲಿ ಹೂಗಳನ್ನು ಜಲವರ್ಣದಲ್ಲಿ ಬರೆಯುವ ರೂಢಿ ನನಗಿದೆ. ಈ ಮಳೆಗಾಲದಲ್ಲಿ 22×30 ಇಂಚಿನ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆ ತುಂಬ ಒಂದೇ ಕೆಂಪು ದಾಸವಾಳ ಬರೆಯಲು ಹೊರಟೆ. ಹಾಳೆ ಉಬ್ಬಿ ಬಣ್ಣ ತಗ್ಗಿನಲ್ಲಿ ನಿಂತಿತು. ಒಂದು ಎಸಳು ಮುಗಿಯುವುದರೊಳಗೆ ಕಲಸಿದ ಬಣ್ಣ ಖಾಲಿಯಾಯಿತು. ಮತ್ತೆ ಕಲಸಿ ಹಚ್ಚಿದಲ್ಲಿ ಹೂಕೋಸಿನಂಥ ಕಲೆಗಳು ಎದ್ದವು. ಪ್ರದರ್ಶನಕ್ಕೆ ಕಳಿಸಬೇಕು, ಹೆಸರೂ ಹೊಳೆಯುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಹಾಳೆ ಎ4ಗಿಂತ ಹೆಚ್ಚುಕಡಿಮೆ ಏಳು ಪಟ್ಟು ದೊಡ್ಡದು. ನೀರು, ಬಣ್ಣ, ಕುಂಚ ಎಲ್ಲವೂ ಅದೇ ಲೆಕ್ಕದಲ್ಲಿ ಬೆಳೆಯಬೇಕು.

300 ಜಿಎಸ್‌ಎಂ ಕಾಗದ ಈ ಅಳತೆಯಲ್ಲಿ ಉಬ್ಬಿಯೇ ಉಬ್ಬುತ್ತದೆ. ಅದನ್ನು ಐದಾರು ನಿಮಿಷ ನೀರಲ್ಲಿ ನೆನೆಸಿ, ದಪ್ಪ ಪ್ಲೈವುಡ್ ಮೇಲೆ ಹಾಸಿ, ನೀರು ಹಚ್ಚಿದರೆ ಅಂಟುವ ಕಂದು ಕಾಗದದ ಟೇಪಿನಿಂದ ನಾಲ್ಕೂ ಅಂಚು ಬಿಗಿಯಿರಿ. ಪೂರ್ತಿ ಒಣಗಿದ ಮೇಲೆ ಬಣ್ಣ ಮುಟ್ಟಿ. 640 ಜಿಎಸ್‌ಎಂ ಕಾಗದಕ್ಕೆ ಈ ಉಪದ್ವ್ಯಾಪ ಬೇಡ, ಆದರೆ ಜೇಬು ಗಟ್ಟಿ ಇರಬೇಕು.

ಬಣ್ಣವನ್ನು ಪ್ಯಾಲೆಟ್ಟಿನಲ್ಲಲ್ಲ, ಬಟ್ಟಲುಗಳಲ್ಲಿ ಕಲಸಿ: ತೆಳು, ನಡು, ಗಾಢ. ಒಣಗಿದಾಗ ಒಂದು ಮಟ್ಟ ತಿಳಿಯಾಗುತ್ತದೆ, ಹಾಗಾಗಿ ಅದೇ ಕಾಗದದ ತುಂಡಿನ ಮೇಲೆ ಹಚ್ಚಿ, ಒಣಗಿಸಿ ನೋಡಿ. ಕೊಳ್ಳುವಾಗ ಟ್ಯೂಬಿನ ಮೇಲಿನ ಪಿಗ್ಮೆಂಟ್ (ಬಣ್ಣದ ಪುಡಿ) ಸಂಖ್ಯೆ ಓದಿ. ಪಿಆರ್ 83 ಇದ್ದರೆ ಅದು ಅಲಿಝರಿನ್ ಕ್ರಿಮ್ಸನ್ ಎಂಬ ಹಳೆಯ ಕೆಂಪು, ಬೆಳಕಿಗೆ ಮಾಸುತ್ತದೆ. ಪಿಆರ್ 254, ಪಿವಿ 19 ಬಾಳಿಕೆ ಬರುತ್ತವೆ.

ಕಲೆ ಬಂದದ್ದು ಅರೆ ಒಣಗಿದ ಜಾಗಕ್ಕೆ ನೀರು ಹೆಚ್ಚಿದ್ದ ಕುಂಚ ತಾಗಿಸಿದ್ದಕ್ಕೆ. ಹಾಳೆಯನ್ನು ಓರೆಯಾಗಿ ನೋಡಿ. ನೀರು ಮಿರುಗುತ್ತಿದ್ದರೆ ಇನ್ನೂ ಬಣ್ಣ ಹಾಕಬಹುದು. ಮಿರುಗು ಹೋದರೂ ಅಂಗೈ ಹಿಂಬದಿಗೆ ತಣ್ಣಗೆ ತಾಗುತ್ತಿದ್ದರೆ ಕುಂಚ ಕೆಳಗಿಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಈ ತಣ್ಣನೆಯ ಹೊತ್ತು ಬಹಳ ಎಳೆಯುತ್ತದೆ, ಹೇರ್ ಡ್ರೈಯರನ್ನು ದೂರದಿಂದ ಹಿಡಿಯಿರಿ. ಒಂದಕ್ಕೊಂದು ತಾಗಿದ ಎಸಳುಗಳನ್ನು ಒಟ್ಟಿಗೆ ಒದ್ದೆ ಮಾಡಬೇಡಿ. ದಾಸವಾಳದ್ದು ಐದು ಎಸಳು, ಬೆಸ ಸಂಖ್ಯೆ. ಹಾಗಾಗಿ ಮೂರು ಸರದಿ ಬೇಕು: ಮೊದಲು ಒಂದು ಮತ್ತು ಮೂರನೆಯದು, ಒಣಗಿದ ಮೇಲೆ ಎರಡು ಮತ್ತು ನಾಲ್ಕು, ಕಡೆಗೆ ಐದನೆಯದು. ಎಸಳಿನಷ್ಟು ಜಾಗವನ್ನು ಎರಡಿಂಚಿನ ಚಪ್ಪಟೆ ಕುಂಚದಿಂದ ಬರೀ ನೀರಲ್ಲಿ ಒದ್ದೆ ಮಾಡಿ, ಗಾಢ ಬಣ್ಣವನ್ನು ಬುಡದಲ್ಲಿ ಬಿಟ್ಟು, ಹಲಗೆ ಓರೆ ಮಾಡಿ ಅಂಚಿನತ್ತ ಹರಿಯಬಿಡಿ. ನಡುವಿನ ಕೇಸರದ ದಂಡಕ್ಕೆ ಬಿಳಿ ಜಾಗ ಮೊದಲೇ ಉಳಿಸಿಕೊಂಡಿರಬೇಕು.

ಇನ್ನು ಹೆಸರು. ‘ನಿಸರ್ಗದ ನಗು’ ಥರದ್ದು ದಯವಿಟ್ಟು ಬೇಡ, ಅದನ್ನು ಯಾವ ಹೂವಿಗೂ ಅಂಟಿಸಬಹುದು. ಅಮೆರಿಕದ ಕಲಾವಿದೆ ಜಾರ್ಜಿಯಾ ಓಕೀಫ್ 1932ರಲ್ಲಿ 48×40 ಇಂಚಿನ ಕ್ಯಾನ್ವಾಸ್ ತುಂಬ ಬಿಳಿ ದತ್ತೂರಿ ಹೂ ಬರೆದರು, ತೈಲವರ್ಣದಲ್ಲಿ. ಇಟ್ಟ ಹೆಸರು ‘ಜಿಮ್ಸನ್ ವೀಡ್/ವೈಟ್ ಫ್ಲವರ್ ನಂ. 1’. ಗಿಡದ ಹೆಸರು, ಹೂವಿನ ಬಣ್ಣ, ಒಂದು ಸಂಖ್ಯೆ, ಅಷ್ಟೇ. 2014ರಲ್ಲಿ ಅದು 4.4 ಕೋಟಿ ಡಾಲರ್‌ಗೂ ಹೆಚ್ಚಿಗೆ ಮಾರಾಟವಾಯಿತು.

ಚಿತ್ರ ಮುಗಿಯುವವರೆಗೆ ಹೆಸರಿಗೆ ತಡಕಾಡಬೇಡಿ. ಮುಗಿದ ಮೇಲೆ ಹತ್ತಡಿ ದೂರ ನಿಂತು, ಇದು ಯಾವ ಗಿಡದ್ದು, ಎಷ್ಟು ಹೊತ್ತಿನದು ಎಂದು ಕೇಳಿಕೊಳ್ಳಿ. ದಾಸವಾಳ ಸಾಮಾನ್ಯವಾಗಿ ಒಂದೇ ದಿನದ ಹೂ. ನಿಮ್ಮ ಚಿತ್ರದಲ್ಲಿ ಎಸಳಿನ ಅಂಚು ಸುರುಳಿಯಾಗುತ್ತಿದ್ದರೆ ‘ಸಂಜೆ ನಾಲ್ಕರ ದಾಸವಾಳ’ ಎನ್ನಬಹುದು. ಹಿತ್ತಲ ಬಾವಿಕಟ್ಟೆಯ ಗಿಡವಾದರೆ ‘ಬಾವಿಕಟ್ಟೆ ದಾಸವಾಳ’ ನನಗಂತೂ ಸಾಕು. ಹೆಸರು, ವರ್ಷ, ಅಳತೆಯನ್ನು ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆಯಿರಿ. ಫ್ರೇಮ್ ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ (ರಟ್ಟಿನ ಅಂಚುಪಟ್ಟಿ) ಇರಲಿ. ಗಾಜು ಕಾಗದಕ್ಕೆ ತಾಗಿದರೆ ಶಿರಸಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ.