ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು ಬರಬೇಕಾ?

ನಿಮ್ಮ ಯಜಮಾನರಿಗೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೆಲಸ ಸಿಕ್ಕಿದೆ, ಮಗಳು ಹಾಸನದಲ್ಲಿ ಒಂಬತ್ತನೇ ಕ್ಲಾಸು ಅಂದಿರಿ. ಎಸ್ಸೆಸ್ಸೆಲ್ಸಿ ಮುಗಿಸಿಕೊಂಡೇ ಬರೋಣವಾ, ಯಾವ ಹೈಸ್ಕೂಲು ಒಳ್ಳೆಯದು, ಡೊನೇಷನ್ ಎಷ್ಟು ಅಂತ ಕೇಳಿದ್ದೀರಿ.

ಡೊನೇಷನ್ ಒಂದು ಪೈಸೆಯೂ ಇಲ್ಲ. ಪಬ್ಲಿಕ್ ಹೈಸ್ಕೂಲು ಅಂದರೆ ಸರ್ಕಾರಿ ಶಾಲೆಯೇ. ಇದನ್ನು ಕೇಳಿ ಊರಲ್ಲಿ ಅತ್ತೆ ಮಾವ ಮುಖ ಹುಳ್ಳಗೆ ಮಾಡಿದರೆ ಸುಮ್ನೆ ನಕ್ಕುಬಿಡಿ, ಡಾಕ್ಟರ ಮಕ್ಕಳೂ ಅಲ್ಲೇ ಓದುತ್ತಾರೆ. ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನ ಮನೆ ತೆರಿಗೆಯಿಂದ ಬರುತ್ತದೆ. ನಿಮ್ಮ ಮನೆ ಯಾವ ಭಾಗದಲ್ಲಿದೆಯೋ ಅಲ್ಲಿನ ಶಾಲೆಯೇ ನಿಮಗೆ. ಹಾಗಾಗಿ ಫೀಸು ಬಾಡಿಗೆಯೊಳಗೇ ಸೇರಿದೆ ಅಂದುಕೊಳ್ಳಿ.

ಎಡಿಸನ್‌ನಲ್ಲಿ ಎರಡು ಪಬ್ಲಿಕ್ ಹೈಸ್ಕೂಲುಗಳಿವೆ, ಎಡಿಸನ್ ಹೈಸ್ಕೂಲ್ ಮತ್ತು ಜೆ.ಪಿ. ಸ್ಟೀವನ್ಸ್. ಎರಡರಲ್ಲೂ 2,000ಕ್ಕಿಂತ ಜಾಸ್ತಿ ಮಕ್ಕಳು. ನಮ್ಮವರೆಲ್ಲ ಸ್ಟೀವನ್ಸ್ ಕಡೆಗೇ ಮನೆ ಹುಡುಕುತ್ತಾರೆ. ರೇಟಿಂಗ್ ಹಿಂದೆ ಅಷ್ಟೊಂದು ಬೀಳಬೇಡಿ. ಓದಿದ, ದುಡ್ಡಿರುವ ಅಪ್ಪ ಅಮ್ಮಂದಿರು ಜಾಸ್ತಿ ಇರುವ ಕಡೆ ಅಂಕಿಯೂ ಜಾಸ್ತಿ ಕಾಣುತ್ತದೆ, ಪೈಪೋಟಿಯೂ ಅಷ್ಟೇ ಇರುತ್ತದೆ. ಸೇರಿಸುವುದು ಸುಲಭ: ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು.

ಇನ್ನು ಎಸ್ಸೆಸ್ಸೆಲ್ಸಿ. ನಮ್ಮ ಮಗಳು 2019ರ ಬ್ಯಾಚು, ಅದನ್ನು ಮುಗಿಸಿಕೊಂಡೇ ಇಲ್ಲಿಗೆ ಬಂದಳು. ಆ ವರ್ಷ ಹಾಸನ ಜಿಲ್ಲೆ ಶೇ. 89.33 ಫಲಿತಾಂಶ ತೆಗೆದು ಇಡೀ ರಾಜ್ಯಕ್ಕೇ ಮೊದಲು ಬಂದಿತ್ತು, ನೆನಪಿದೆ ಅಲ್ವಾ? ಇವಳಿಗೆ ಗಣಿತದಲ್ಲಿ 98. ಆ ಮಾರ್ಕ್ಸ್ ಕಾರ್ಡನ್ನು ಇಲ್ಲಿ ನಾವಿರುವ ಊರಿನ (ಎಡಿಸನ್ ಅಲ್ಲ) ಶಾಲೆಯ ಕೌನ್ಸೆಲರ್, ಅಂದರೆ ಮಕ್ಕಳಿಗೆ ಯಾವ ಕ್ಲಾಸು ಅಂತ ಹೇಳುವವರ ಮುಂದೆ ಇಟ್ಟೆವು. ಆಯಮ್ಮ ಹಿಂದೆ ಮುಂದೆ ತಿರುಗಿಸಿ, "ಜಾಮೆಟ್ರಿ ಆಗಿದೆಯಾ?" ಅಂದರು. ನಮ್ಮಲ್ಲಿ ಬೀಜಗಣಿತ, ರೇಖಾಗಣಿತ, ತ್ರಿಕೋನಮಿತಿ ಎಲ್ಲಾ ಒಂದೇ ಪುಸ್ತಕದಲ್ಲಿ ಬರುತ್ತವೆ. ಇಲ್ಲಿ ಆಲ್ಜೀಬ್ರಾಕ್ಕೆ ಒಂದು ವರ್ಷ, ಜಾಮೆಟ್ರಿಗೆ ಇನ್ನೊಂದು ವರ್ಷ, ಹೀಗೆ ಮೆಟ್ಟಿಲು ಹತ್ತಬೇಕು. ನಾವು ಎಷ್ಟು ಹೇಳಿದರೂ ಕೇಳದೆ ಜಾಮೆಟ್ರಿಗೇ ಹಾಕಿದರು. ಹನ್ನೊಂದನೇ ಕ್ಲಾಸಿನ ಹುಡುಗಿ ತನಗಿಂತ ಚಿಕ್ಕ ಮಕ್ಕಳ ಜೊತೆ ಕೂತು, ಊರಲ್ಲಿ ಬಾಯಿಪಾಠವಾಗಿದ್ದ ಪ್ರಮೇಯಗಳನ್ನೇ ಬರೆದಳು. ಕ್ಯಾಲ್ಕುಲಸ್ ತಲುಪುವಷ್ಟರಲ್ಲಿ ಹೈಸ್ಕೂಲೇ ಮುಗಿಯಿತು. ಎಂಜಿನಿಯರಿಂಗ್ ಅರ್ಜಿ ಹಾಕುವಾಗ ಕ್ಯಾಲ್ಕುಲಸ್ ಜಾಗ ಖಾಲಿಯೇ ಇತ್ತು. ಈಗ ಅವಳು ಚೆನ್ನಾಗಿಯೇ ಇದ್ದಾಳೆ. ನನಗೆ ಮಾತ್ರ ಆ ಎರಡು ವರ್ಷ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುವುದು, ಕಾಯಬೇಡಿ. ಇಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡು. ನಮ್ಮ ಹಾಗೆ ಕೊನೇ ಪರೀಕ್ಷೆಯಲ್ಲಿ ಎಲ್ಲಾ ತೀರ್ಮಾನ ಆಗುವುದಿಲ್ಲ, ನಾಲ್ಕೂ ವರ್ಷದ ಗ್ರೇಡು ಕೂಡಿ ಕಾಲೇಜಿಗೆ ಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಪಾಸಾಗಲು 120 ಕ್ರೆಡಿಟ್ (ಒಂದೊಂದು ವಿಷಯ ಮುಗಿಸಿದಾಗ ಸಿಗುವ ಲೆಕ್ಕ) ಬೇಕು, ಅದರಲ್ಲಿ ಅಮೆರಿಕದ ಇತಿಹಾಸವೇ ಎರಡು ವರ್ಷದ್ದು. ಹನ್ನೊಂದಕ್ಕೆ ಬಂದರೆ ಎಲ್ಲಾ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ಒಂಬತ್ತು ಮುಗಿಸಿ ಈ ಸೆಪ್ಟೆಂಬರಿಗೇ ಸೇರಿಸಿ.

ಬರುವ ಮುಂಚೆ ಎಂಟು, ಒಂಬತ್ತನೇ ಕ್ಲಾಸಿನ ಗಣಿತ, ವಿಜ್ಞಾನದ ಪಾಠಗಳ ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ, ಶಾಲೆಯ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಇಲ್ಲಿ ಪ್ಲೇಸ್‌ಮೆಂಟ್ ಟೆಸ್ಟ್, ಅಂದರೆ ಯಾವ ಮಟ್ಟದ ಕ್ಲಾಸಿಗೆ ಕೂರಿಸಬೇಕು ಅಂತ ನೋಡುವ ಪರೀಕ್ಷೆ, ಕೊಡಿ ಅಂತ ಪಟ್ಟು ಹಿಡಿಯಿರಿ. ಏಪ್ರಿಲ್ ಬಂದರೆ ಮೇಷ್ಟ್ರುಗಳೆಲ್ಲ ಮೌಲ್ಯಮಾಪನ ಅಂತ ಹೊರಟುಬಿಡುತ್ತಾರೆ, ಆಮೇಲೆ ಬೇಸಿಗೆ ರಜೆ. ಅಷ್ಟರೊಳಗೆ ಹೆಡ್‌ಮಾಸ್ಟರ ಸಹಿ, ಸೀಲು ಎರಡೂ ಹಾಕಿಸಿಕೊಂಡು ಬನ್ನಿ.