ಹಿತ್ತಲ ಹಳಿಗೆ ಯಾವ ಉಗಿಬಂಡಿ?

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಹಿತ್ತಲಲ್ಲಿ 32 ಮಿ.ಮೀ. ಅಗಲದ ಹಳಿ ಹಾಕಿದ್ದೇನೆ. ನಿಜವಾದ ಉಗಿಯಲ್ಲಿ ಓಡುವ ಪುಟ್ಟ ಎಂಜಿನ್ ಬೇಕು. ಸ್ಪಿರಿಟ್ ಉರಿಸುವುದೋ, ಗ್ಯಾಸ್ ಉರಿಸುವುದೋ?

ಉತ್ತರ: ಗ್ಯಾಸಿನದೇ ತಗೊಳ್ಳಿ ಮಾರಾಯ್ರೆ! ಸ್ಪಿರಿಟ್ಟಿನದು ಅಗ್ಗ, ಆದರೆ ಬಾಯ್ಲರಿನ ಕೆಳಗೆ ಬಯಲಲ್ಲೇ ಉರಿಯುವಂಥದ್ದಾದರೆ ಗಾಳಿಗೆ ಆರುತ್ತದೆ. ಹೊಸದೇ ಬೇಕೆಂದರೆ ಇಂಥ ಎಂಜಿನ್ ಮಾಡುವ ರೌಂಡ್‌ಹೌಸ್ ಕಂಪನಿ ನಿಮಗೆ ಹತ್ತಿರದ ಡಾಂಕಾಸ್ಟರ್‌ನಲ್ಲೇ ಇದೆ. ತಿರುವು ಬಿಗಿಯಿದ್ದರೆ ನಾಲ್ಕೇ ಗಾಲಿಯದು ಸಾಕು.

ಓಡಿಸುವ ಮುಂಚೆ ತುಂಬುವ ಕ್ರಮ: ಮೊದಲು ಎಣ್ಣೆ, ಆಮೇಲೆ ನೀರು, ಕೊನೆಗೆ ಗ್ಯಾಸ್. ಗ್ಯಾಸ್ ತುಂಬುವಾಗ ಸುತ್ತಮುತ್ತ ಬೆಂಕಿ ಇರಕೂಡದು. ಸಿಲಿಂಡರಿಗೆ ಎಣ್ಣೆಯುಣಿಸುವ ಲೂಬ್ರಿಕೇಟರಿಗೆ ಉಗಿ ಎಂಜಿನ್ನಿನ ದಪ್ಪ ಎಣ್ಣೆಯೇ ಆಗಬೇಕು, ಕಾರಿನದ್ದು ಬೇಡ. ಗ್ಯಾಸ್ ಮುಗಿದ ಮೇಲೂ ಬಾಯ್ಲರಿನಲ್ಲಿ ಸ್ವಲ್ಪ ನೀರು ಉಳಿಯಬೇಕು. ಹೊರಡುವಾಗ ತಣ್ಣಗಿನ ಸಿಲಿಂಡರಿನಲ್ಲಿ ಉಗಿ ನೀರಾಗಿ, ಚಿಮಣಿಯಿಂದ ಬಿಸಿಬಿಸಿ ಉಗುಳುತ್ತದೆ. ಬಗ್ಗಿ ನೋಡಬೇಡಿ, ಕನ್ನಡಕಕ್ಕೆಲ್ಲ ಎಣ್ಣೆ!